ಖಾಲಿ ಪೆಟ್ಟಿಗೆಯ ಗತ್ತು

ಎಲ್ಲಕ್ಕೂ ಮೂಲ ಒಂದು ಮಂಡಿ. ಪ್ಯಾಂಟಿನ ಬಲಗಾಲು ಮಂಡಿಯ ಹತ್ತಿರ ಕೋಳಿ ಕೆದಕಿದ ತಿಪ್ಪೆಯ ಹಾಗೆ ಕಿತ್ತುಹೋಗಿತ್ತು. ಹೆಂಡತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಆ ತೂತಿನೊಳಗಿಂದಲೇ ಗಂಡನನ್ನು ನೋಡಿದಳು.

"ಹೊಲಿದು ಹೊಲಿದು ಇದರಲ್ಲಿ ಬಟ್ಟೆಗಿಂತ ದಾರಾನೇ ಜಾಸ್ತಿ ಆಗಿದೆ. ನಿನ್ನೆ ಯಾರು ತಳ್ಳಿದ್ದು?"

"ಯಾರೂ ತಳ್ಳಲಿಲ್ಲ ಕಣೇ. ಹಿಂದಿನಿಂದ ಹಾರ್ನ್ ಹೊಡೆದರು. ನಾನೇ ಚರಂಡಿಗೆ ಇಳಿದೆ."

"ಮೊನ್ನೆ?"

"ಮೊನ್ನೆ ಯಾರೋ ನಿಂತಿದ್ದ ಕಾರಿನ ಬಾಗಿಲು ತೆಗೆದುಬಿಟ್ಟರು."

"ಅದರ ಹಿಂದಿನ ದಿನ?"

"ಅವತ್ತು ಬಸ್ಸು. ಬಸ್ಸನ್ನ ಅಂದು ಪ್ರಯೋಜನ ಇಲ್ಲ, ತಾನು ಎಲ್ಲಿ ಮುಗೀತೀನಿ ಅಂತ ಅದಕ್ಕೇ ಗೊತ್ತಿಲ್ಲ."

ಅವನು ಕನ್ನಡಕದ ಅಂಗಡಿಯಲ್ಲಿ ಮಸೂರ ಉಜ್ಜುವವನು. ಆ ಮಹಡಿ ಮನೆಗಳ ವಠಾರದಲ್ಲೆಲ್ಲ ಅವನನ್ನು ಕನ್ನಡಕದಣ್ಣ ಎಂದೇ ಕರೆಯುತ್ತಿದ್ದರು. ಕೂದಲೆಳೆಯಷ್ಟು ಏರುಪೇರಾಗದಂತೆ ಗಾಜನ್ನು ಉಜ್ಜಿ, ಊರಿನ ಅರ್ಧ ಜನಕ್ಕೆ ಸೂಜಿಯ ಕಣ್ಣು ಕಾಣುವ ಹಾಗೆ ಮಾಡಿದವನು. ಅದೇ ಜನ ಕಾರಿನೊಳಗೆ ಕೂತೊಡನೆ, ಎದುರಿಗೆ ಸೈಕಲ್ ಮೇಲೆ ಆರಡಿಯ ಮನುಷ್ಯ ಹೋಗುತ್ತಿದ್ದರೂ ಕಾಣದವರಾಗುತ್ತಿದ್ದರು. ಒಮ್ಮೆ ಚರಂಡಿಯಲ್ಲಿ ಬಿದ್ದಲ್ಲಿಂದಲೇ ತಲೆಯೆತ್ತಿ ನೋಡಿದಾಗ, ಬೈಯುತ್ತಿದ್ದ ಚಾಲಕನ ಮೂಗಿನ ಮೇಲಿದ್ದದ್ದು ತಾನೇ ಉಜ್ಜಿಕೊಟ್ಟ ಕನ್ನಡಕ. ಕೆಲಸದಲ್ಲಿ ಏನೂ ತಪ್ಪಾಗಿರಲಿಲ್ಲ, ಅದೇ ಅವನಿಗೆ ಹೆಚ್ಚು ನೋವು ಕೊಟ್ಟದ್ದು.

ಹೆಂಡತಿ ಪ್ಯಾಂಟನ್ನು ಮಡಿಸಿ ಒರೆಸುವ ಬಟ್ಟೆಗಳ ಗುಂಪಿಗೆ ಸೇರಿಸಿದಳು. ಅದರ ಜೊತೆಗೇ ಒಂದು ತೀರ್ಮಾನವನ್ನೂ ಮಡಿಸಿಟ್ಟಂತೆ ಹೇಳಿದಳು:

"ಇವತ್ತು ಇಸ್ತ್ರಿ ಮಾಡಿದ ಪ್ಯಾಂಟು, ಇಸ್ತ್ರಿ ಮಾಡಿದ ಅಂಗಿ ಕೊಡ್ತೀನಿ. ಸಂಜೆ ಹೋದ ಹಾಗೇ ಬಂದರೆ ಸರಿ. ಒಂದು ಗೀರು, ಒಂದು ಕೆಸರಿನ ಹನಿ ಕಂಡರೂ ಸೈಕಲ್ಲು ಗುಜರಿಗೆ. ನಾಳೆಯಿಂದ ಮೂರನೇ ಮಹಡಿ ಸಾಹೇಬರ ಕಾರಲ್ಲಿ ಹೋಗಿ. ಅವರ ಮನೆಯವರ ಹತ್ತಿರ ಮಾತಾಡಿದ್ದೀನಿ. ಮುಂದಿನ ಸೀಟು ಖಾಲಿ ಇದೆಯಂತೆ."

ಕನ್ನಡಕದಣ್ಣ ಕೂತಲ್ಲಿಂದ ಎದ್ದುಬಿಟ್ಟ. ಸಾಹೇಬರೆಂದರೆ ಪ್ರತಿ ಬೆಳಿಗ್ಗೆ ಗೇಟಿನಿಂದಲೇ ಅವನನ್ನು ಅಟ್ಟಿಸಿಕೊಂಡು ಬರುತ್ತಿದ್ದ ಕರೀ ಕಾರಿನ ಒಡೆಯರು. ಅವರ ಎಡಗೈಗೆ ಗೇರು, ಬಲಗೈಗೆ ಹಾರ್ನು. ಸ್ಟೀರಿಂಗ್ ಮಾತ್ರ ದೇವರ ಪಾಲು. ಆ ಮನುಷ್ಯನ ಪಕ್ಕದಲ್ಲಿ ಕೂತು, ಅವರ ಸಕ್ಕರೆ ಕಾಯಿಲೆಯ ಕತೆ ಕೇಳುತ್ತ, ತನ್ನಂಥವರನ್ನೇ ಚರಂಡಿಗೆ ಇಳಿಸುವುದನ್ನು ದಿನಾ ಗಾಜಿನೊಳಗಿಂದ ನೋಡುವುದೆಂದರೆ! ಅದಕ್ಕಿಂತ ಚರಂಡಿಯೇ ವಾಸಿ.

ಯಾವ ದಾರಿಯೂ ಕಾಣದೆ ಅವನು ತಲೆ ಮೇಲೆತ್ತಿದ. ಮೇಲೆ ಆಕಾಶವಿರಲಿಲ್ಲ, ಸಜ್ಜಾ ಇತ್ತು. ಸಜ್ಜಾದ ಮೇಲೆ, ಹಳೆಯ ಹಾಸಿಗೆಯ ಪಕ್ಕದಲ್ಲಿ, ಅತ್ತೆಯವರು ಹಳ್ಳಿಯ ಮನೆ ಬಿಟ್ಟು ಬರುವಾಗ ಎದೆಗವಚಿಕೊಂಡು ತಂದಿದ್ದ ಜೇನುಪೆಟ್ಟಿಗೆ ಇತ್ತು.

ಅವನು ಅದನ್ನು ಇಳಿಸಿ ಧೂಳು ಹೊಡೆದ. ಒಳಗೆ ಒಣಗಿದ ಮೇಣದ ತಟ್ಟಿಗಳು, ಒಂದು ಹಳೆಯ ಸಿಹಿವಾಸನೆ. ಕೆಳಗೆ ಬೆರಳಗಲದ ಬಾಗಿಲು. ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದ: "ಜೀವಂತ ಜೇನು. ಹಾರ್ನ್ ಮಾಡಿದರೆ ಕೆರಳುತ್ತವೆ." ಪೆಟ್ಟಿಗೆಯನ್ನು ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು, ರಟ್ಟನ್ನು ಹಿಂದಕ್ಕೆ ತೂಗುಹಾಕಿದ.

ಅತ್ತೆ ಬಾಗಿಲಿಗೆ ಬಂದು ನಿಂತು ನೋಡಿದರು. ಜೀವಮಾನವಿಡೀ ಜೇನಿನ ಜೊತೆ ಬಾಳಿದ ಹೆಂಗಸು; ಮಾತು ಕಡಿಮೆ, ಆಡಿದರೆ ಒಂದು ತೂಕ.

"ಅಳಿಯಂದಿರೇ, ತಗೊಂಡು ಹೋಗಿ, ಬೇಡ ಅನ್ನಲ್ಲ. ಆದರೆ ಆ ಸಣ್ಣ ಬಾಗಿಲಿಗೆ ಬಟ್ಟೆ ತುರುಕಿಕೊಂಡು ಹೋಗಿ. ಈಗ ಹೂವಿನ ಕಾಲ. ತೆಗೆದಿಟ್ಟರೆ..."

ಒಳಗೆ ಹಾಲು ಉಕ್ಕಿದ ಸದ್ದಾಯಿತು. ಅತ್ತೆ ಮಾತನ್ನು ಅಲ್ಲೇ ಬಿಟ್ಟು ಒಳಗೋಡಿದರು. ಕನ್ನಡಕದಣ್ಣ ವಿಧೇಯನಾಗಿ ಒಂದು ಚಿಂದಿ ತುರುಕಿದ. ಮೆಟ್ಟಿಲ ಕೆಳಗೆ ಬಂದು ನೋಡಿದರೆ ಪೆಟ್ಟಿಗೆ ಹಲ್ಲುನೋವಿಗೆ ಹತ್ತಿ ಕಚ್ಚಿಕೊಂಡವನ ಹಾಗೆ ಕಾಣುತ್ತಿತ್ತು. ಇದನ್ನು ಕಂಡು ಯಾರು ಹೆದರುತ್ತಾರೆ? ಚಿಂದಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ.

ಗೇಟು ದಾಟುವ ಹೊತ್ತಿಗೆ ಹಿಂದೆ ಕರೀ ಕಾರು ಬಂತು. ಎಂದಿನಂತೆ ಹಾರ್ನು ಶುರುವಾಯಿತು. ಕನ್ನಡಕದಣ್ಣನ ಬೆನ್ನು ಎಂದಿನಂತೆ ಗೂನಾಯಿತು, ಮುಂದಿನ ಚಕ್ರ ಎಂದಿನಂತೆ ಚರಂಡಿಯ ಕಡೆ ತಿರುಗಿತು. ಅಷ್ಟರಲ್ಲಿ ಹಾರ್ನು, ಕುತ್ತಿಗೆ ಹಿಸುಕಿದ ಹುಂಜದ ಕೂಗಿನ ಹಾಗೆ, ಅರ್ಧಕ್ಕೇ ನಿಂತುಹೋಯಿತು. ಕಾರಿನ ಗಾಜುಗಳು ಒಂದೊಂದಾಗಿ ಮೇಲೇರಿದವು. ಕಾರು ಹಿಂದಕ್ಕೆ ಹೋಯಿತು. ಒಳಗೆ ಸಾಹೇಬರು ಎರಡೂ ಕೈ ಎತ್ತಿ, ಹೋಗಿ, ನೀವೇ ಮೊದಲು ಹೋಗಿ ಎಂದು ಸನ್ನೆ ಮಾಡುತ್ತಿದ್ದರು. ಇಷ್ಟು ದಿನ ನೆರೆಯವರಾಗಿದ್ದರೂ ಆ ಕೈಗಳು ಗೇರು, ಹಾರ್ನು ಬಿಟ್ಟು ಮೇಲೆದ್ದದ್ದನ್ನು ಅವನು ನೋಡಿದ್ದು ಅಂದೇ.

ಅವನು ಹ್ಯಾಂಡಲನ್ನು ನಿಧಾನವಾಗಿ ಚರಂಡಿಯಿಂದ ಆಚೆಗೆ ತಿರುಗಿಸಿದ.

ದೊಡ್ಡ ರಸ್ತೆಗೆ ಬಂದಮೇಲೆ ಮೊದಲು ಒಂದು ಸ್ಕೂಟರು ಮುಟ್ಟುವಷ್ಟು ಹತ್ತಿರ ಬಂದು, ರಟ್ಟು ಓದಿ, ಬಿಸಿ ಬಾಣಲೆ ಮುಟ್ಟಿದ ಬೆರಳಿನ ಹಾಗೆ ಹಿಂದೆ ಸರಿಯಿತು. ಒಂದು ಟ್ಯಾಕ್ಸಿಯವನು ಬೈಯಲೆಂದು ತಲೆ ಹೊರಗೆ ಹಾಕಿದವನು, ಬೈಗುಳದ ಮೊದಲ ಅಕ್ಷರ ಮುಗಿಸದೆಯೇ ತಲೆ ಒಳಗೆಳೆದುಕೊಂಡ. ಆಮೇಲೆ ಬಸ್ಸು ಬಂತು. ಕನ್ನಡಕದಣ್ಣನ ಕೈ ಬ್ರೇಕಿಗೆ ಹೋಯಿತು. ಬಸ್ಸಿನ ಕಿಟಕಿಗಳು ಪಟಪಟನೆ ಮುಚ್ಚಿಕೊಂಡವು, ಒಳಗಿನಿಂದ ಯಾರೋ, "ಡ್ರೈವರಣ್ಣ, ಹುಷಾರು, ಅವರನ್ನ ಹೋಗೋಕೆ ಬಿಡಿ" ಎಂದರು. ಬಸ್ಸು ನಿಂತಿತು.

ಅವನು ನಡುರಸ್ತೆಗೆ ಬಂದ.

ನಡುರಸ್ತೆಯಲ್ಲಿ ಟಾರು ಎಷ್ಟು ನುಣುಪಾಗಿರುತ್ತದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಗುಂಡಿ, ಜಲ್ಲಿ, ಒಡೆದ ಬಾಟಲಿ, ಚರಂಡಿಯ ಮುಚ್ಚಳ ಇವುಗಳೇ ರಸ್ತೆ ಎಂದುಕೊಂಡಿದ್ದ. ಬರೀ ಬದುವಿನ ಮೇಲೆ ನಡೆದು ಇದೇ ಹೊಲ ಎಂದುಕೊಂಡವನ ಹಾಗೆ. ಗಾಳಿ ಅಂಗಿಯೊಳಗೆ ನುಗ್ಗಿತು. ಬೆನ್ನು ತಾನಾಗಿ ನೆಟ್ಟಗಾಯಿತು.

ಬದಿಯಲ್ಲಿ ಹೋಗುತ್ತಿದ್ದ ಇತರ ಸೈಕಲ್ಲಿನವರು ಇದನ್ನು ನೋಡಿದರು. ಬಣ್ಣ ಬಳಿಯುವ ಒಬ್ಬ, ಹ್ಯಾಂಡಲಿಗೆ ಡಬ್ಬಿಗಳನ್ನು ಸಿಕ್ಕಿಸಿಕೊಂಡವನು, ಮೆಲ್ಲಗೆ ಬಂದು ಜೊತೆಗೂಡಿದ. ಅವನ ಹಿಂದೆ ಆಸ್ಪತ್ರೆಯ ಪಾಳಿಗೆ ಹೊರಟಿದ್ದ ನರ್ಸಮ್ಮ.

"ಅಣ್ಣಾ, ನಿಮ್ಮ ನೆರಳಲ್ಲಿ ಸಿಗ್ನಲ್ ತನಕ ಬರ್ತೀನಿ. ಕಚ್ಚಲ್ಲ ತಾನೇ?" ಎಂದಳು ನರ್ಸಮ್ಮ.

"ಬಾ ತಾಯಿ. ಕಚ್ಚೋಕೆ ಹಲ್ಲಿರಬೇಕಲ್ಲ."

"ಜೇನು ಹಲ್ಲಿಂದ ಕಚ್ಚಲ್ಲ ಅಣ್ಣ, ನಾನು ನರ್ಸು. ಹಿಂದಿನಿಂದ ಚುಚ್ಚುತ್ತೆ. ನಮ್ಮ ಕೆಲಸಾನೂ ಅದೇ."

ಸಿಗ್ನಲಿನಲ್ಲಿ ಕೆಂಪು ಬಿತ್ತು. ಹಿಂದೆ ಕಾರುಗಳು ಹೊಸ ನೆಂಟರ ಮನೆಗೆ ಬಂದವರ ಹಾಗೆ ದೂರದಲ್ಲಿ, ಸದ್ದಿಲ್ಲದೆ, ಸಾಲಾಗಿ ನಿಂತವು. ಕನ್ನಡಕದಣ್ಣನಿಗೆ ಗುಟ್ಟು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಇಬ್ಬರ ಕಡೆಗೂ ಬಾಗಿ ಹೇಳಿದ:

"ಯಾರಿಗೂ ಹೇಳಬೇಡಿ. ಖಾಲಿ."

ಬಣ್ಣದವನು ಪೆಟ್ಟಿಗೆಯನ್ನು ನೋಡಿದ, ಹಿಂದಿನ ಸಾಲನ್ನು ನೋಡಿದ, ಕೊನೆಗೆ ತನ್ನ ಡಬ್ಬಿಗಳನ್ನು ನೋಡಿದ. "ನಾನು ಇಷ್ಟು ವರ್ಷ ಬಣ್ಣದ ಡಬ್ಬಿ ಹೊತ್ತು ಸತ್ತೆನಲ್ಲಪ್ಪ" ಎಂದ. "ನನ್ನ ಹತ್ತಿರ ಒಂದು ಮರದ ಪೆಟ್ಟಿಗೆ ಬಿದ್ದಿದೆ. ತೂತು ಕೊರೆದರೆ ಆಯ್ತು."

"ನಮ್ಮಲ್ಲಿ ಔಷಧಿ ಬಂದ ಪೆಟ್ಟಿಗೆಗಳು ಬೇಕಾದಷ್ಟಿವೆ" ಎಂದಳು ನರ್ಸಮ್ಮ. ಹಸಿರು ಬಿದ್ದಿತು. ಯಾರೂ ಹಾರ್ನ್ ಮಾಡಲಿಲ್ಲ. ಅವಳು ಹೋಗುತ್ತ ಗಂಟೆ ಬಾರಿಸಿದಳು, ಯಾರಿಗೂ ಅಲ್ಲ, ಸುಮ್ಮನೆ, ಖುಷಿಗೆ.

ಅಂಗಡಿಯ ಹಿಂಬದಿಯಲ್ಲಿ ಒಂದು ಅಂಗಳ, ಅದರ ಮೂಲೆಯಲ್ಲಿ ಎಲೆ ಕಾಣದಷ್ಟು ಹೂ ತುಂಬಿದ ಮರ. ಕನ್ನಡಕದಣ್ಣ ಅದರ ಬುಡದಲ್ಲಿ ಸೈಕಲ್ ನಿಲ್ಲಿಸಿದ. ಮಾಲೀಕರು ಹಿಂಬಾಗಿಲಿನಿಂದ ಕತ್ತು ಚಾಚಿದರು.

"ಏನಯ್ಯ ಅದು? ಒಳಗೆ ಮಾತ್ರ ತರಬೇಡ. ಬರೋರು ಕಣ್ಣು ತೋರಿಸೋಕೆ ಬರೋದು, ಊದಿಸಿಕೊಳ್ಳೋಕಲ್ಲ."

"ಏನೂ ಇಲ್ಲ ಧಣಿ, ಬರೀ ಗತ್ತಿಗೆ."

ಒಳಗೆ ಹೋಗುವ ಮುನ್ನ ತಿರುಗಿ ನೋಡಿದ. ಎರಡು ಜೇನುಹುಳುಗಳು ಎಲ್ಲಿಂದಲೋ ಬಂದು ಪೆಟ್ಟಿಗೆಯ ಬಾಗಿಲಲ್ಲಿ ಇಣುಕುತ್ತಿದ್ದವು. ಬಾಡಿಗೆ ಮನೆ ನೋಡಲು ಬಂದ ಗಂಡಹೆಂಡಿರ ಹಾಗೆ ಒಳಗೆ ಹೋದವು, ಹೊರಗೆ ಬಂದವು, ಗೋಡೆ ಮೂಸಿದವು, ಮತ್ತೆ ಒಳಗೆ ಹೋದವು. ಕನ್ನಡಕದಣ್ಣನಿಗೆ ಸಂತೋಷವಾಯಿತು. ನೋಡಿದವರಿಗೆ ಇನ್ನಷ್ಟು ನಂಬಿಕೆ ಬರುತ್ತದೆ ಎಂದುಕೊಂಡ.

ದಿನವಿಡೀ ಉಜ್ಜುವ ಚಕ್ರದ ಮುಂದೆ ಕೂತಿದ್ದ. ಅದರ ಗುಂಯ್ ಎನ್ನುವ ಸದ್ದಿನಲ್ಲಿ ಹೊರಗಿನದು ಏನೂ ಕೇಳುವಂತಿರಲಿಲ್ಲ. ಅಂದು ಅವನ ಕೈಯಲ್ಲಿ ಗಾಜು ಬೆಣ್ಣೆಯ ಹಾಗೆ ಮಣಿಯಿತು. ಮಧ್ಯಾಹ್ನ ಮಾಲೀಕರು ಹಿಂಬಾಗಿಲನ್ನು ದಡಕ್ಕನೆ ಹಾಕಿ ಚಿಲಕ ಜಡಿದು, "ಇವತ್ತು ಅಂಗಳದ ಕಡೆ ಏನೋ ಗದ್ದಲ ಕಣಯ್ಯ, ಕಣ್ಣೇ ಕತ್ತಲಾದ ಹಾಗಾಯ್ತು. ಧೂಳು ಇರಬೇಕು" ಎಂದರು. ಅವನು ಹೂಂಗುಟ್ಟಿ ಮುಂದಿನ ಮಸೂರ ಎತ್ತಿಕೊಂಡ. ಅವನ ಮನಸ್ಸೆಲ್ಲ ಸಂಜೆಯ ನಡುರಸ್ತೆಯಲ್ಲಿತ್ತು.

ಸಂಜೆ ಹೊರಡುವಾಗ ಸೈಕಲ್ಲು ಸ್ವಲ್ಪ ಭಾರವೆನಿಸಿತು. ದಣಿವು ಎಂದುಕೊಂಡ. ಕಿವಿಯಲ್ಲಿ ಒಂದು ಸಣ್ಣ ಗುಂಯ್ ಸದ್ದು ಉಳಿದಿತ್ತು. ದಿನವೂ ಚಕ್ರದ ಸದ್ದು ಮನೆಯ ತನಕ ಕಿವಿಯಲ್ಲೇ ಬರುವುದು ವಾಡಿಕೆ.

ಆ ಸಂಜೆಯ ಸವಾರಿಯನ್ನು ಅವನು ಬದುಕಿರುವ ತನಕ ಮರೆಯುವ ಹಾಗಿಲ್ಲ. ಬೆಳಿಗ್ಗೆ ದೂರ ನಿಂತಿದ್ದ ವಾಹನಗಳು ಸಂಜೆ ಇನ್ನೂ ದೂರ ನಿಂತವು. ಬೆನ್ನ ಹಿಂದೆ ಯಾವಾಗಲಾದರೊಮ್ಮೆ ಒಂದೆರಡು ಹುಳು ಸುತ್ತಿದಂತೆ ಕಂಡಿತು. ಬೆಳಗಿನ ಗಂಡಹೆಂಡಿರೇ ಇರಬೇಕೆಂದು ಅವರಿಗೂ ಮನಸ್ಸಿನಲ್ಲೇ ನಮಸ್ಕಾರ ಹೇಳಿದ. ಸಿಗ್ನಲಿನ ಪೊಲೀಸ ಅವನು ಬರುವುದನ್ನು ಕಂಡು, ಕಂಬದ ಹಿಂದೆ ಸರಿದು, ಅಲ್ಲಿಂದಲೇ ಕೈ ಚಾಚಿ ನಾಲ್ಕೂ ಕಡೆಯ ಸಂಚಾರ ತಡೆದ. ಸೈಕಲ್ಲಿನವರು ಒಬ್ಬೊಬ್ಬರಾಗಿ ಬಂದು ಜೊತೆ ಸೇರಿದರು. ಪೇಪರ್ ಹಂಚುವ ಮುದುಕ, ಶಾಲೆಯ ಮೇಷ್ಟ್ರು, ಬಣ್ಣದವನು ಪುನಃ, ಬುತ್ತಿಡಬ್ಬಿ ಕಟ್ಟಿಕೊಂಡ ಹೆಂಗಸರು. ಕೇಳಿದವರಿಗೆಲ್ಲ ಅವನು ಗುಟ್ಟು ಹೇಳಿದ. ರಸ್ತೆಯ ಅಗಲಕ್ಕೂ ಹರಡಿಕೊಂಡು, ಮೇದು ಮನೆಗೆ ತಿರುಗಿದ ದನಗಳ ಹಾಗೆ ನಿರಾಳವಾಗಿ, ಮಾತಾಡುತ್ತ ಹೋದರು. ಹಿಂದೆ ಕಾರುಗಳ ದೀಪಗಳು ಕಣ್ಣಿಗೆ ಕಾಣುವಷ್ಟು ದೂರದವರೆಗೆ ಮೆರವಣಿಗೆಯಾಗಿ ಬಂದವು. ಬಹಳ ಹಿಂದೆ ಒಂದು ಕರೀ ಕಾರೂ ಇತ್ತು.

ಮನೆಯ ಗೇಟಿನೊಳಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು. ಮೆಟ್ಟಿಲ ಮೇಲೆ, ಮೊಗಸಾಲೆಯಲ್ಲಿ, ಕಿಟಕಿಗಳಲ್ಲಿ ನೆರೆಯವರು. ಕನ್ನಡಕದಣ್ಣ ಸೈಕಲನ್ನು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ ಎರಡೂ ತೋಳು ಚಾಚಿ ನಿಂತ. ಹೆಂಡತಿ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಕಾಲರು ನೋಡಿದಳು, ಮೊಣಕೈ ನೋಡಿದಳು, ಕೂತು ಮಂಡಿ ನೋಡಿದಳು. ಇಸ್ತ್ರಿಯ ಗೆರೆಯ ಮೇಲೆ ಬೆರಳಾಡಿಸಿದಳು.

"ಗೆರೆ ಹಾಗೇ ಇದೆ" ಎಂದಳು. ಅವಳ ದನಿಯಲ್ಲಿ ಸೋಲಿಗಿಂತ ಬೆರಗು ಹೆಚ್ಚಾಗಿತ್ತು. "ಆಯ್ತು. ಮಾತಂದ್ರೆ ಮಾತು. ಸೈಕಲ್ಲು ಗುಜರಿಗೆ ಹೋಗಲ್ಲ."

ಅಷ್ಟರಲ್ಲಿ ಸಾಹೇಬರು ಬಂದರು. ಕಾರಿನಿಂದ ಇಳಿದು, ತೆರೆದ ಬಾಗಿಲನ್ನೇ ಗುರಾಣಿಯ ಹಾಗೆ ಹಿಡಿದುಕೊಂಡರು.

"ನೋಡ್ರೀ ಕನ್ನಡಕದವರೇ, ಇದು ಮರ್ಯಾದಸ್ಥರು ಇರೋ ಜಾಗ. ಇಲ್ಲಿ ಜೇನು ತಂದು ಇಟ್ಟರೆ ಹೇಗೆ? ಮಕ್ಕಳು ಮರಿ ಓಡಾಡ್ತಾವೆ. ಈಗಲೇ ಆ ಸೈಕಲ್ಲು ಸಮೇತ ಆಚೆಗೆ ಹಾಕಿ."

ನೆರೆಯವರು ಹೌದು ಹೌದು ಎಂದರು. ಯಾವ ಮಾತಿಗೂ ಹೌದೆನ್ನುವ ಎದುರುಮನೆಯವರು ಎರಡು ಸಲ ಅಂದರು.

ಇಂಥ ಗಳಿಗೆ ಮನುಷ್ಯನ ಬಾಳಿನಲ್ಲಿ ಒಮ್ಮೆ ಬರುತ್ತದೆ. ಕನ್ನಡಕದಣ್ಣ ಎಲ್ಲರನ್ನೂ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ಪೆಟ್ಟಿಗೆಯ ಪಕ್ಕಕ್ಕೆ ಹೋಗಿ ನಿಂತ.

"ಸಾಹೇಬರೇ, ಬೆಳಿಗ್ಗೆ ಕೈ ಮುಗಿಯೋ ಹಾಗೆ ದಾರಿ ಬಿಟ್ಟಿರಲ್ಲ, ಯಾತಕ್ಕೆ ಬಿಟ್ಟಿರಿ ಗೊತ್ತಾ?"

ಮೇಲಿನ ಮೊಗಸಾಲೆಯಿಂದ ಅತ್ತೆ ಬಗ್ಗಿ ನೋಡುತ್ತಿದ್ದರು. ಕಣ್ಣು ಕಿರಿದು ಮಾಡಿ ಪೆಟ್ಟಿಗೆಯ ಬಾಗಿಲನ್ನೇ ದಿಟ್ಟಿಸಿದರು. "ಅಳಿಯಂದಿರೇ," ಎಂದರು, "ಕೈ ತೆಗೀರಿ."

"ತಡೀರಿ ಅತ್ತೆ. ಇವತ್ತು ನಾನು ಹೇಳಿಬಿಡ್ತೀನಿ. ಇಡೀ ಊರಿನ ಬಸ್ಸು ಕಾರು ಎಲ್ಲ ಹೆದರಿದ್ದು ಒಂದು ಖಾಲಿ ಪೆಟ್ಟಿಗೆಗೆ. ಖಾಲಿ, ತಿಳೀತಾ? ಖಾಲಿ."

ಪ್ರತಿ 'ಖಾಲಿ'ಗೂ ಪೆಟ್ಟಿಗೆಯ ಮೇಲೆ ಅಂಗೈಯಿಂದ ಒಂದೊಂದು ಏಟು ಕೊಟ್ಟ. ಮೂರನೆಯ ಏಟಿಗೆ ಒಳಗಿನಿಂದ ಉತ್ತರ ಬಂತು.

ಮೊದಲು ದೂರದ ಗಿರಣಿ ಶುರುವಾದ ಹಾಗೆ. ಆಮೇಲೆ ಗಿರಣಿಯೇ ಹತ್ತಿರ ಬಂದ ಹಾಗೆ. ಬೆರಳಗಲದ ಬಾಗಿಲಿನಿಂದ ಕಂದು ಬಣ್ಣದ ಒಂದು ಹಗ್ಗ ಹೊರಬಂದು, ಗಾಳಿಯಲ್ಲಿ ಬಿಚ್ಚಿಕೊಂಡಿತು. ಮಧ್ಯಾಹ್ನ ಹೂಮರದ ಅಂಗಳದಲ್ಲಿ ಧೂಳಿನ ಹಾಗೆ ಕಂಡದ್ದು ಧೂಳಾಗಿರಲಿಲ್ಲ. ಬಾಡಿಗೆ ಮನೆ ನೋಡಲು ಬಂದಿದ್ದ ಆ ಗಂಡಹೆಂಡಿರಿಗೆ ಮನೆ ಮೆಚ್ಚಿಗೆಯಾಗಿ, ಇಡೀ ಬಳಗವನ್ನು ಕರೆತಂದು ಒಕ್ಕಲು ಹೂಡಿಸಿದ್ದರು.

ಮೊಗಸಾಲೆಗಳು ಖಾಲಿಯಾದವು. ಕಿಟಕಿಗಳು ಮುಚ್ಚಿದವು. ಸಾಹೇಬರು ಗುರಾಣಿಯೊಳಕ್ಕೆ ಹೊಕ್ಕು ಗಾಜು ಏರಿಸಿಕೊಂಡರು. ಎದುರುಮನೆಯವರು ಹೌದು ಹೌದು ಎನ್ನುತ್ತಲೇ ಓಡಿದರು. ಅಂಗಳದಲ್ಲಿ ಉಳಿದವನು ಕನ್ನಡಕದಣ್ಣನೊಬ್ಬ, ಅವನೂ ಬಹಳ ಹೊತ್ತು ಉಳಿಯಲಿಲ್ಲ.

ಅತ್ತೆ ಮಾತ್ರ ಸೆರಗು ತಲೆಗೆ ಹೊದ್ದು, ಒಂದು ಹೊಗೆಯುವ ಚಿಂದಿ ಹಿಡಿದು, ಆತುರವಿಲ್ಲದೆ ಇಳಿದು ಬಂದರು. ಹುಳುಗಳು ಶಾಂತವಾಗಿ ಒಳಗೆ ಸೇರಿದ ಮೇಲೆ ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿದರು. ಅವರ ಮುಖ ಮೊಮ್ಮಗುವನ್ನು ಮೊದಲ ಸಲ ಎತ್ತಿಕೊಂಡವರ ಮುಖದಂತಿತ್ತು.

"ಒಳ್ಳೇ ಜೇನು ಕೂತಿದೆ" ಎಂದರು. "ಒಮ್ಮೆ ಕೆರಳಿವೆ. ಇನ್ನು ಪೆಟ್ಟಿಗೆ ಬಿಚ್ಚೋದು, ಕದಲಿಸೋದು ಏನೂ ಬೇಡ. ಹೂವಿನ ಕಾಲ ಮುಗಿಯೋ ತನಕ ಇರೋ ಕಡೆ ಇರಲಿ."

"ಪೆಟ್ಟಿಗೆ ಸೈಕಲ್ ಮೇಲಿದೆಯಲ್ಲಮ್ಮ" ಎಂದಳು ಮಗಳು ಬಾಗಿಲ ಸಂದಿನಿಂದ.

"ಸೈಕಲ್ಲೂ ಇರಲಿ. ಗುಜರಿಗೆ ಹಾಕಲ್ಲ ಅಂತ ನೀನೇ ಮಾತು ಕೊಟ್ಟಿದ್ದೀಯಲ್ಲ."

ಮರುದಿನ ಬೆಳಿಗ್ಗೆ ಕನ್ನಡಕದಣ್ಣ, ಮತ್ತೊಂದು ಇಸ್ತ್ರಿಯ ಪ್ಯಾಂಟಿನಲ್ಲಿ, ಕರೀ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದ. ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ಇನ್ನೊಂದು ಅರ್ಧ. ತುಟಿ ಬೇರೆ ಯಾರದೋ ಆಗಿತ್ತು. ಸಾಹೇಬರು ಸಕ್ಕರೆ ಕಾಯಿಲೆಯ ಕತೆಯನ್ನು ಮೊದಲ ಅಧ್ಯಾಯದಿಂದ ಹಿಡಿದಿದ್ದರು.

ದೊಡ್ಡ ರಸ್ತೆಗೆ ಬಂದ ಕೂಡಲೇ ಕತೆ ನಿಂತಿತು. ಎದುರಿಗೆ ರಸ್ತೆಯ ಅಗಲಕ್ಕೂ ಸೈಕಲ್ಲುಗಳು. ಪ್ರತಿ ಸೈಕಲ್ಲಿನ ಹಿಂದೆ ಒಂದು ಪೆಟ್ಟಿಗೆ, ಪ್ರತಿ ಪೆಟ್ಟಿಗೆಗೂ ಒಂದು ತೂತು, ಒಂದು ರಟ್ಟು. ಬಣ್ಣದವನದು ಹಳದಿ ಬಳಿದ ಮರದ ಪೆಟ್ಟಿಗೆ, ಅದರ ಮೇಲೆ ಕೊಂಡಿ ಬಾಗಿಸಿದ ಒಂದು ಭಾರಿ ಹುಳದ ಚಿತ್ರ. ಮೇಷ್ಟ್ರದು ತಗಡಿನ ಡಬ್ಬ. ಪೇಪರಿನ ಮುದುಕ ಚಪ್ಪಲಿಯ ರಟ್ಟಿನ ಪೆಟ್ಟಿಗೆಯನ್ನೇ ಕಟ್ಟಿಕೊಂಡಿದ್ದ. ಎಲ್ಲರ ಬೆನ್ನೂ ನೆಟ್ಟಗಿತ್ತು. ಬಸ್ಸುಗಳು ಅವರ ಹಿಂದೆ ನೊಗ ಹೊತ್ತ ಎತ್ತಿನ ಹಾಗೆ ತಲೆ ತಗ್ಗಿಸಿ ಬರುತ್ತಿದ್ದವು.

ಸಾಹೇಬರ ಬಲಗೈ ಹಾರ್ನಿನ ಮೇಲೆ ತುರಿಸುತ್ತಿತ್ತು. "ಅಲ್ಲ ಕನ್ನಡಕದವರೇ, ಊರಲ್ಲಿ ಇಷ್ಟು ಜನ ಜೇನು ಸಾಕ್ತಾರಾ? ನನಗ್ಯಾಕೋ ಇವೆಲ್ಲ ಖಾಲಿ ಅನ್ಸುತ್ತೆ. ನೀವು ತಿಳಿದವರು, ನೀವೇ ಹೇಳಿ. ಹೊಡೀಲಾ?"

ಕನ್ನಡಕದಣ್ಣ ಅರ್ಧ ಕಣ್ಣಿನಿಂದ ಆ ನೆಟ್ಟನೆಯ ಬೆನ್ನುಗಳನ್ನು ನೋಡಿದ.

"ಖಾಲಿ ಅಂತ ನಿನ್ನೆ ನಾನೂ ಅಂದುಕೊಂಡಿದ್ದೆ ಸಾಹೇಬರೇ" ಎಂದ.

ಸಾಹೇಬರು ಅವನ ಮುಖ ನೋಡಿದರು. ಕೈ ಹಾರ್ನಿನಿಂದ ಕೆಳಗಿಳಿಯಿತು. ಅದೇ ಹೊತ್ತಿಗೆ ಹಿಂದಿನಿಂದ ಟ್ರಿಣ್ ಟ್ರಿಣ್ ಎಂದು ಗಂಟೆ ಕೇಳಿತು. ಪಾಳಿಗೆ ತಡವಾಗಿದ್ದ ನರ್ಸಮ್ಮ, ಔಷಧಿಯ ಪೆಟ್ಟಿಗೆ ಹೊತ್ತು, ದಾರಿ ಕೇಳುತ್ತಿದ್ದಳು. ಸಾಹೇಬರು ಗಾಬರಿಯಿಂದ ಕಾರನ್ನು ಬದಿಗೆ ಎಳೆದರು, ಇನ್ನೂ ಬದಿಗೆ ಎಳೆದರು. ಕನ್ನಡಕದಣ್ಣ ಕೂತಿದ್ದ ಕಡೆಯ ಚಕ್ರ ಬುಳಕ್ಕನೆ ಚರಂಡಿಗೆ ಇಳಿಯಿತು.

"ನಾನು ಸ್ಟೀರಿಂಗ್ ಬಿಡೋ ಹಾಗಿಲ್ಲ" ಎಂದರು ಸಾಹೇಬರು ಮೆತ್ತಗೆ. "ನೀವೇ ಸ್ವಲ್ಪ ಇಳಿದು ತಳ್ಳಬೇಕು."

ಅವನು ಬಾಗಿಲು ತೆಗೆದು ಇಳಿದ. ಆ ಚರಂಡಿ ಅವನಿಗೆ ಹೊಸದಲ್ಲ, ಎಲ್ಲಿ ಕಾಲಿಟ್ಟರೆ ಎಷ್ಟು ಆಳ ಎಂಬುದು ಗೊತ್ತಿತ್ತು. ಬಾಗಿ ಕಾರಿಗೆ ಹೆಗಲು ಕೊಟ್ಟ. ಪ್ಯಾಂಟು ಏನಕ್ಕೋ ಸಿಕ್ಕಿಕೊಂಡು ಪರ್ರೆಂದಿತು. ಬಲಗಾಲು, ಮಂಡಿಯ ಹತ್ತಿರ.

ನಡುರಸ್ತೆಯಿಂದ ನರ್ಸಮ್ಮ ತಿರುಗಿ ನೋಡಿ ಗುರುತು ಹಿಡಿದಳು. ಬಣ್ಣದವನಿಗೆ ಹೇಳಿದಳು, ಅವನು ಮುಂದಿನವನಿಗೆ ಹೇಳಿದ. ಇಡೀ ರಸ್ತೆಯ ಸೈಕಲ್ ಗಂಟೆಗಳು ಒಟ್ಟಿಗೆ ಮೊಳಗಿದವು. ಕನ್ನಡಕದಣ್ಣ ಮಂಡಿಯ ತನಕದ ಕೆಸರಿನಲ್ಲಿ ನೆಟ್ಟಗೆ ನಿಂತು, ಊದಿದ ತುಟಿಯಲ್ಲೇ ನಕ್ಕು, ಪೊಲೀಸನ ಹಾಗೆ ಕೈ ಚಾಚಿ ಅವರಿಗೆಲ್ಲ ದಾರಿ ಬಿಟ್ಟ.